ತಾರಾಬಾಯಿ ಮೋಡಕ್

ಅಂಗನವಾಡಿ ಎಂಬ ಹೆಸರನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಆ ಹೆಸರನ್ನು ಬಳಕೆಗೆ ತಂದ ತಾರಾಬಾಯಿ ಮೋಡಕರ ವಿಷಯವನ್ನು ಮಾತ್ರ ಅನೇಕರು ಅರಿಯರು. ನಮ್ಮ ಕಾಲೇಜಿನಿಂದ ಹೊರಬಿದ್ದು ಉಪಾಧ್ಯಾಯ ವೃತ್ತಿಯನ್ನು ಹಿಡಿಯಲಿರುವ ಸಹಪಾಠಿಗಳು ಬಹಳ ಮಂದಿ ಇರುವುದರಿಂದ, ಈ ಮಹಿಳೆಯ ವೃತ್ತಾಂತವನ್ನು ಸಂಗ್ರಹವಾಗಿ ಬರೆಯಲು ಮನಸ್ಸು ಮಾಡಿದ್ದೇನೆ.

ತಾರಾಬಾಯಿಯವರು 1892ರಲ್ಲಿ ಮುಂಬಯಿಯಲ್ಲಿ ಜನಿಸಿದರು. ತಂದೆತಾಯಿಗಳು ಪ್ರಾರ್ಥನಾ ಸಮಾಜದವರಾದುದರಿಂದ ಹೆಣ್ಣುಮಗಳ ವಿದ್ಯೆಗೆ ಅಡ್ಡಿಯಿರಲಿಲ್ಲ, 1914ರಲ್ಲಿ ಬಿ.ಎ. ಮುಗಿಸಿದರು. ಅಮರಾವತಿಯ ವಕೀಲರೊಬ್ಬರೊಡನೆ ನಡೆದ ವಿವಾಹವು 1921ರಲ್ಲಿ ಮುರಿದುಬಿತ್ತು. ಅನಂತರ ರಾಜಕೋಟೆಯಲ್ಲಿ ಅಧ್ಯಾಪಕಿಯರ ತರಬೇತಿ ಕಾಲೇಜಿನ ಪ್ರಾಂಶುಪಾಲ ಪದವಿ ದೊರೆಯಿತು. ಆ ಕಾಲದಲ್ಲಿ ಭಾರತೀಯ ಮಹಿಳೆಯೊಬ್ಬಳಿಗೆ ಅದೇನು ಸಣ್ಣ ಸ್ಥಾನವೇ? ಆದರೂ 1923ರಲ್ಲಿ ಅದನ್ನು ತೊರೆದು ಭಾವನಗರಕ್ಕೆ ಹೋದರು. ಅಲ್ಲಿ ವಕೀಲಿಯನ್ನು ಬಿಟ್ಟು ಬಂದಿದ್ದ ಗಿಜುಭಾಯಿ ಬಧೇಕಾ ಅವರು 1920ರಿಂದ ಮಾಂಟೆಸ್ಸೊರಿ ಪದ್ಧತಿಯ ಬಾಲಮಂದಿರವನ್ನು ನಡೆಸುತ್ತಿದ್ದರು. ಅಧ್ಯಾಪಕಿಯರನ್ನು ತಯಾರು ಮಾಡುತ್ತಿದ್ದವರು ಪುಟ್ಟ ಮಕ್ಕಳ ನಡುವೆ ಕುಳಿತು ಹೊಸದಾಗಿ ಕಲಿಯತೊಡಗಿದರು. ಇದು ಎಲ್ಲರಿಗೂ ಆಗುವ ಕೆಲಸವಲ್ಲವೆಂದು ನನ್ನ ಭಾವನೆ.

1926ರಲ್ಲಿ ಇವರಿಬ್ಬರ ಶ್ರಮದಿಂದ ನೂತನ ಬಾಲ ಶಿಕ್ಷಣ ಸಂಘವು ಹುಟ್ಟಿತು. 1936ರಲ್ಲಿ ತಾರಾಬಾಯಿಯವರು ಮುಂಬಯಿಯ ದಾದರಿನಲ್ಲಿ ಶಿಶುವಿಹಾರವನ್ನು ತೆರೆದರು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಪಟ್ಟಣದಲ್ಲಿ ಅನುಕೂಲವಿದ್ದವರ ಮಕ್ಕಳಿಗೇ ಹೆಚ್ಚಾಗಿ ದಕ್ಕುತ್ತಿದ್ದವು.

1945ರಲ್ಲಿ, ಐವತ್ತು ದಾಟಿದ ಮೇಲೆ, ಅವರು ಠಾಣೆ ಜಿಲ್ಲೆಯ ಸಮುದ್ರತೀರದ ಬೋರ್ಡಿ ಗ್ರಾಮಕ್ಕೆ ಹೋಗಿ ಗ್ರಾಮ ಬಾಲ ಶಿಕ್ಷಾ ಕೇಂದ್ರವನ್ನು ಸ್ಥಾಪಿಸಿದರು. ಶಾಲೆಯೇನೋ ಸಿದ್ಧವಾಯಿತು, ಬಡವರ ಕೇರಿಯ ಮಕ್ಕಳು ಬರಲಿಲ್ಲ. ತಾಯಿ ಕೂಲಿಗೆ ಹೋದರೆ ಮಗುವನ್ನು ಸೊಂಟದ ಮೇಲೆ ಹೊರುವವಳು ಅಕ್ಕ. ಅವಳು ಶಾಲೆಗೆ ಬರುವುದಾದರೂ ಹೇಗೆ? ಬೇರೆಯವರಾಗಿದ್ದರೆ ಜನರ ಅಜ್ಞಾನವನ್ನು ಹಳಿದು ಸುಮ್ಮನಾಗುತ್ತಿದ್ದರೇನೋ. ತಾರಾಬಾಯಿಯವರು ಶಾಲೆಯನ್ನೇ ಎತ್ತಿಕೊಂಡು ಮಕ್ಕಳ ಮನೆಯಂಗಳಕ್ಕೆ ನಡೆದರು. ಅಂಗಳದಲ್ಲಿ ನಡೆದುದರಿಂದ ಅದು ಅಂಗನವಾಡಿ. ಅಲ್ಲಿ ಪಾಠಕ್ಕಿಂತ ಮುಂಚೆ ಮಕ್ಕಳಿಗೆ ಸ್ನಾನ ಮಾಡಿಸುವುದು, ಉಗುರು ಕತ್ತರಿಸುವುದು, ತಲೆ ಬಾಚುವುದು. ಆಮೇಲೆ ಹಾಡು, ಕಥೆ, ಎಣಿಕೆ. ಮಾಂಟೆಸ್ಸೊರಿಯ ದುಬಾರಿ ಸಲಕರಣೆಗಳ ಬದಲು ಬೆಣಚುಕಲ್ಲು, ಕಪ್ಪೆಚಿಪ್ಪು, ಎಲೆ, ಬೀಜಗಳು ಬಂದವು. ಹಣವಿಲ್ಲದೆ ಶಿಕ್ಷಣವಿಲ್ಲವೆನ್ನುವವರು ಇದನ್ನು ನೋಡಬೇಕಾಗಿತ್ತು.

ಇಂತಹ ಕೆಲಸಕ್ಕೆ ಬೇಕಾದ ಶಿಕ್ಷಕಿಯರನ್ನೂ ಅಲ್ಲಿಯೇ ತರಬೇತು ಮಾಡಬೇಕಾಯಿತು. ಪುಸ್ತಕದಿಂದ ಬಾಲಮನಶ್ಶಾಸ್ತ್ರವನ್ನು ಕಲಿಯಬಹುದು. ಕೇರಿಯೊಳಗೆ ಕಾಲಿಟ್ಟು ಪರರ ಮಗುವಿನ ಮೂಗೊರೆಸುವುದನ್ನು ಕಲಿಯುವುದು ಹೇಗೆ? ಜಾತಿಯ ಅಳುಕನ್ನು ಬಿಟ್ಟಲ್ಲದೆ ಆ ಕೆಲಸಕ್ಕೆ ಕೈ ಏಳದು. ಬಾಲವಿಧವೆಯಾಗಿದ್ದ ಅನುತಾಯಿ ವಾಘರು 1945ರಲ್ಲಿಯೇ ಅವರ ಜೊತೆಗೂಡಿ ಬಲಗೈಯಾದರು.

1957ರಲ್ಲಿ ಕೇಂದ್ರವು ಕೋಸಬಾಡದ ಗುಡ್ಡಕ್ಕೆ, ವಾರಲಿ ಆದಿವಾಸಿಗಳ ನಡುವೆ ಹೋಯಿತು. ಅಲ್ಲಿ ಕೂಸಿನ ಮನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ಇರಿಸಿದರು. ಕೂಸನ್ನು ಹೊತ್ತುಬಂದ ಅಕ್ಕ ಅದನ್ನು ಅಲ್ಲಿಳಿಸಿ ತಾನೂ ತರಗತಿಯಲ್ಲಿ ಕುಳಿತುಕೊಳ್ಳಬಹುದಾಯಿತು. ದನ ಕಾಯುವ ಹುಡುಗರಿಗಾಗಿ ಹುಲ್ಲುಗಾವಲಿನಲ್ಲಿಯೇ ಪಾಠ ನಡೆಯಿತು. 1962ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. 1973ರಲ್ಲಿ ತಾರಾಬಾಯಿಯವರು ತೀರಿಕೊಂಡರು. ಅನುತಾಯಿಯವರು 1992ರಲ್ಲಿ ಕಾಲವಾಗುವವರೆಗೂ ಆ ಕಾರ್ಯವನ್ನು ಮುಂದುವರಿಸಿದರು.

ತಾರಾಬಾಯಿಯವರು ಕಾಣದೆ ಹೋದುದು ಒಂದಿದೆ. 1975ರ ಅಕ್ಟೋಬರ್ 2ರಂದು ಸರ್ಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿ, ಅದರ ಕೇಂದ್ರಗಳಿಗೆ ಅಂಗನವಾಡಿ ಎಂಬ ಹೆಸರನ್ನೇ ಇಟ್ಟಿತು. ನಮ್ಮ ರಾಜ್ಯದಲ್ಲಿ ಅದು ಮೊದಲಾದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಇಂದು ಅಂಗನವಾಡಿಯ ಕಾರ್ಯಕರ್ತೆಯು ಮಕ್ಕಳನ್ನು ತೂಗುತ್ತಾಳೆ, ಆಡಿಸುತ್ತಾಳೆ, ಕಲಿಸುತ್ತಾಳೆ, ಗರ್ಭಿಣಿಯರನ್ನು ವಿಚಾರಿಸುತ್ತಾಳೆ. ಸರ್ಕಾರದ ಲೆಕ್ಕದಲ್ಲಿ ಆಕೆ ಇನ್ನೂ ಗೌರವ ಕಾರ್ಯಕರ್ತೆಯೇ. ತಿಂಗಳ ಕೊನೆಗೆ ಆಕೆಗೆ ಸಲ್ಲುವ ಹಣಕ್ಕೆ ಸಂಬಳವೆಂಬ ಹೆಸರಿಲ್ಲ.