ಹೈದರಾಲಿಯೂ ಬಾಣದ ಬೆಂಕಿಯೂ

ನಮ್ಮ ಆನೆಕೊಂಡದ ಮಗ್ಗುಲಿನ ದಾವಣಗೆರೆಯು ಒಂದು ಕಾಲದಲ್ಲಿ ಸಣ್ಣ ಹಳ್ಳಿಯಾಗಿತ್ತು. ಹೈದರಾಲಿಯು ಅದನ್ನು ಅಪ್ಪೋಜಿ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು; ಆ ಸರದಾರನು ವರ್ತಕರನ್ನು ನೆಲೆಗೊಳಿಸಿದುದರಿಂದ ಪೇಟೆಯು ಬೆಳೆಯಿತು. ನಮ್ಮ ಸೀಮೆಯ ಚರಿತ್ರೆಗೆ ಹೀಗೆ ಸಂಬಂಧಪಟ್ಟ ಈ ಪುರುಷನನ್ನು ನಾನು ಕಲಾವಿಭಾಗದವನಾದರೂ ವಿಜ್ಞಾನದ ಕಡೆಯಿಂದ ನೋಡಬಯಸುತ್ತೇನೆ.

ಹೈದರನು ಸುಮಾರು 1720ರಲ್ಲಿ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದನು. ತಂದೆ ಫತೇ ಮಹಮ್ಮದನು ಆರ್ಕಾಟಿನ ನವಾಬನಲ್ಲಿ ಐವತ್ತು ಬಾಣಗಾರರ ನಾಯಕನಾಗಿದ್ದನೆಂದು ಹೇಳುವರು. ಮಗನಿಗೆ ಓದುಬರಹ ಬರಲಿಲ್ಲ. ಆದರೂ 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ ಹೆಸರು ಪಡೆದು, 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾಗಿ, 1761ರಲ್ಲಿ ಮೈಸೂರಿನ ಅಧಿಕಾರವನ್ನೇ ಕೈವಶ ಮಾಡಿಕೊಂಡನು. 1763ರಲ್ಲಿ ಬಿದನೂರೂ 1779ರಲ್ಲಿ ಚಿತ್ರದುರ್ಗವೂ ಅವನ ವಶವಾದವು.

ದೀಪಕ್ಕೆ ಪಾತ್ರೆ ಮುಚ್ಚಿದರೆ ಗಾಳಿಯಿಲ್ಲದೆ ಆರುತ್ತದೆ. ಹಾಗಾದರೆ ಕೊಳವೆಯೊಳಗೆ ಗಿಡಿದು ತುಂಬಿದ ಮದ್ದು ಉರಿಯುವುದು ಹೇಗೆ? ಮದ್ದಿನಲ್ಲಿ ಇದ್ದಲು ಗಂಧಕಗಳೊಡನೆ ಪೆಟ್ಲುಪ್ಪು ಇದೆ. ಕಾದೊಡನೆ ಪೆಟ್ಲುಪ್ಪೇ ಆಮ್ಲಜನಕವನ್ನು ಒದಗಿಸುತ್ತದೆ. ಹೊರಗಿನ ಗಾಳಿಯ ಹಂಗಿಲ್ಲ. ಉರಿದ ಅನಿಲವು ಹಿಂದಕ್ಕೆ ಚಿಮ್ಮಿದಂತೆ ಬಾಣವು ಮುಂದಕ್ಕೆ ಹಾರುತ್ತದೆ. ಬಿದಿರು, ಕಾಗದಗಳ ಕೊಳವೆ ಹೆಚ್ಚು ಒತ್ತಡವನ್ನು ತಾಳದು. ಮೈಸೂರಿನವರು ಕಬ್ಬಿಣದ ಕೊಳವೆ ಮಾಡಿದರು. ಬಾಣದ ಹಾರಾಟವೂ ದೂರವಾಯಿತು.

1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಇಂಗ್ಲಿಷ್ ಪಡೆ ನುಚ್ಚುನೂರಾಯಿತು. ಅವರ ಮದ್ದಿನ ಬಂಡಿಗಳು ಬಾಣ ತಗುಲಿ ಸಿಡಿದವೆಂಬುದು ಬಹುಜನರ ಅಭಿಪ್ರಾಯ. ಈ ವಿದ್ಯೆಯ ಬೆಲೆಯನ್ನು ನೂರಾರು ಪ್ರಾಣಗಳು ತೆತ್ತವೆಂಬುದನ್ನು ನಾವು ಮರೆಯಬಾರದು. ಹೈದರನು 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ತೀರಿಕೊಂಡನು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬಾಣಗಳು ಇಂಗ್ಲೆಂಡಿನ ವುಲ್ವಿಚ್ಚಿಗೆ ಹೋದವು. ಅಲ್ಲಿ ಕಾಂಗ್ರೀವನು ಅವುಗಳನ್ನು ನೋಡಿ ತನ್ನ ರಾಕೆಟ್ಟುಗಳನ್ನು ರಚಿಸಿದನು. ನಮ್ಮಲ್ಲಿ ಉಳಿದವು ಮಣ್ಣುಪಾಲಾದವು. 2018ರಲ್ಲಿ ಹಳೆಯ ಬಿದನೂರಾದ ನಗರದ ಪಾಳುಬಾವಿಯೊಂದರಲ್ಲಿ ಸಾವಿರಕ್ಕೂ ಮಿಕ್ಕಿ ಬಾಣಗಳು ಸಿಕ್ಕಿದವು.

ಇಂದು ಉಪಗ್ರಹಗಳಲ್ಲಿ ಹೈಡ್ರಜೀನ್ ಎಂಬ ದ್ರವವಿರುತ್ತದೆ. ವೇಗವರ್ಧಕವನ್ನು ಮುಟ್ಟಿದೊಡನೆ ಅದು ಆಮ್ಲಜನಕವೇ ಇಲ್ಲದೆ ಒಡೆದು ಬಿಸಿ ಅನಿಲವಾಗಿ, ಗಾಳಿಯಿಲ್ಲದ ಆಕಾಶದಲ್ಲಿ ಉಪಗ್ರಹವನ್ನು ತಳ್ಳುತ್ತದೆ. ಅಂತಹ ಕೆಲಸ ನಮ್ಮ ಬೆಂಗಳೂರಿನಲ್ಲೂ ನಡೆಯುತ್ತಿದೆ. ಕೊಳವೆ ಬಡಿದ ಕಮ್ಮಾರರ ಹೆಸರನ್ನು ಯಾರೂ ಬರೆದಿಡಲಿಲ್ಲ. ಬಲ್ಲುದನ್ನು ಬರೆದಿಡುವುದು ಓದುಬರಹ ಕಲಿತ ನಮ್ಮೆಲ್ಲರ ಕರ್ತವ್ಯವಲ್ಲವೆ?