ಕುದ್ಮುಲ್ ರಂಗರಾಯರೂ ನಿವೇಶನದ ನ್ಯಾಯವೂ

ತುಳುನಾಡಿನಲ್ಲಿ ಕುದ್ಮುಲ್ ರಂಗರಾಯರ ಹೆಸರನ್ನು ಕೇಳದವರು ವಿರಳ. ಆದರೆ ಅವರನ್ನು ಶಾಲೆಗಳ ಸ್ಥಾಪಕರೆಂದಷ್ಟೇ ಸ್ಮರಿಸುವುದು ಅವರ ಕಾರ್ಯದ ಅರ್ಧಾಂಶವನ್ನು ಮರೆತಂತೆಯೇ ಸರಿ. ದಲಿತರಿಗೆ ಅಕ್ಷರದೊಡನೆ ಕಾಲೂರುವ ನೆಲವೂ ಬೇಕೆಂಬುದನ್ನು ಅವರು ಕಂಡುಕೊಂಡಿದ್ದರು.

೧೮೫೯ರ ಜೂನ್ ೨೯ರಂದು ಕಾಸರಗೋಡು ಸೀಮೆಯ ಕುದ್ಮುಲಿನ ಸಾರಸ್ವತ ಕುಟುಂಬದಲ್ಲಿ ಜನಿಸಿದ ರಂಗರಾಯರು, ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದು, ಉಪಾಧ್ಯಾಯರಾಗಿ ದುಡಿದು, ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಬ್ರಹ್ಮಸಮಾಜದ ತತ್ತ್ವಗಳು ಅವರನ್ನು ಸೆಳೆದುವು. ೧೮೯೨ರಲ್ಲಿ ಚಿಲಿಂಬಿಯಲ್ಲಿ ಅವರು ತೆರೆದ ದಲಿತ ಮಕ್ಕಳ ಶಾಲೆಯು ಮೇಲ್ಜಾತಿಯವರ ವಿರೋಧದಿಂದ ಸ್ಥಳದಿಂದ ಸ್ಥಳಕ್ಕೆ ಅಲೆಯಬೇಕಾಯಿತು. ಸ್ವಜಾತಿಯವರ ಬಹಿಷ್ಕಾರಕ್ಕೂ ಜಗ್ಗದೆ ಅವರು ೧೮೯೭ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅದರ ಶಾಲೆಗಳು ಮೂಲ್ಕಿ, ಉಡುಪಿ, ನೇಜಾರುಗಳವರೆಗೂ ಹಬ್ಬಿದುವು.

ಆದರೆ ಶಾಲೆಗೆ ಬಂದ ಬಾಲಕನು ಸಂಜೆ ಮರಳುವುದೆಲ್ಲಿಗೆ? ೧೮೪೩ರ ಕಾಯಿದೆಯಿಂದ ಜೀತದಾಸ್ಯವು ಕಾಗದದ ಮೇಲೆ ಅಳಿದಿದ್ದರೂ, ಮೂಲದಾಳಿನ ಗುಡಿಸಲು ನಿಂತ ನೆಲವು ಧನಿಯದೇ ಆಗಿತ್ತು. ಧನಿಯು ಮುನಿದರೆ ಮರುದಿನ ಗುಡಿಸಲೇ ಇಲ್ಲ. ಇಂತಹವನು ಮಗನನ್ನು ಯಾವ ಧೈರ್ಯದಿಂದ ಶಾಲೆಗೆ ಕಳುಹಿಸಿಯಾನು? ಇದನ್ನರಿತ ರಂಗರಾಯರು ಸರಕಾರಿ ಜಮೀನನ್ನು ಮಂಜೂರು ಮಾಡಿಸಿ, ಕಾಪಿಕಾಡು, ಅತ್ತಾವರದ ಬಾಬುಗುಡ್ಡೆ ಮೊದಲಾದೆಡೆಗಳಲ್ಲಿ ದಲಿತರಿಗೆ ವಸತಿಗಳನ್ನು ಕಲ್ಪಿಸಿದರು. ಕೊರಗರಿಗೂ ಭೂಮಿ ದೊರಕಿಸಿದರು. ಸ್ಥಳೀಯ ಸಂಸ್ಥೆಗಳಲ್ಲಿ ದಲಿತರೇ ಸದಸ್ಯರಾಗಿ ಕುಳಿತುಕೊಳ್ಳಬೇಕೆಂದೂ ಶ್ರಮಿಸಿದರು. ನೆಲವಿಲ್ಲದವನ ಮಾತು ನೆಲ ಹಂಚುವ ಸಭೆಯಲ್ಲಿ ಕೇಳಿಸದಿದ್ದರೆ ಮಂಜೂರಾತಿಯು ಬಲ್ಲಿದರ ಪಾಲಾಗುವುದಲ್ಲವೆ?

೧೯೨೭ರಲ್ಲಿ ಸಂನ್ಯಾಸ ಸ್ವೀಕರಿಸಿದ ಅವರು ೧೯೨೮ರ ಜನವರಿ ೩೦ರಂದು ದೇಹತ್ಯಾಗ ಮಾಡಿದರು. ಅವರ ಇಚ್ಛೆಯಂತೆ ದಲಿತರೇ ಅವರ ಶವಕ್ಕೆ ಹೆಗಲು ಕೊಟ್ಟರು.

ಮಂಗಳೂರಿನ ಪುರಭವನವು ಇಂದು ಅವರ ಹೆಸರನ್ನು ಹೊತ್ತಿದೆ. ಹೆಸರಿಟ್ಟ ಮಾತ್ರಕ್ಕೆ ಋಣ ತೀರದು. ೧೯೬೪ರ ಕರ್ನಾಟಕ ಭೂಕಂದಾಯ ಕಾಯಿದೆಯ ೭೧ನೆಯ ಕಲಮಿನಂತೆ ಸರಕಾರಿ ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಕಾದಿರಿಸಬಹುದು. ೯೪ಸಿ ಕಲಮು ಗ್ರಾಮಾಂತರದಲ್ಲಿ ಸರಕಾರಿ ನೆಲದ ಮೇಲೆ ಮೊದಲೇ ಮನೆ ಕಟ್ಟಿಕೊಂಡ ಬಡವರಿಗೆ ಹಕ್ಕು ಕೊಡಲು ದಾರಿಮಾಡಿದೆ. ಆದರೆ ನಮ್ಮ ಕರಾವಳಿಯಲ್ಲಿ ಕುಮ್ಕಿಯ ತೊಡಕೊಂದುಂಟು. ವರ್ಗ ಜಮೀನಿನ ಸುತ್ತಲಿನ ನೂರು ಗಜದೊಳಗಿನ ಸರಕಾರಿ ನೆಲದಿಂದ ಸೊಪ್ಪು ಸೌದೆ ತರುವ ಸವಲತ್ತನ್ನು ೭೯ನೆಯ ಕಲಮು ಉಳಿಸಿದೆ. ಅದು ಸವಲತ್ತೇ ಹೊರತು ಒಡೆತನವಲ್ಲ. ಸವಲತ್ತನ್ನೇ ಸ್ವತ್ತೆಂದು ಬಗೆಯುವ ವರ್ಗದಾರರಿರುವಲ್ಲಿ ನಿವೇಶನಕ್ಕೆ ನೆಲವೇ ಕಾಣಿಸದು. ಇತ್ತ ನಿವೇಶನರಹಿತರ ಪಟ್ಟಿ ಗ್ರಾಮ ಪಂಚಾಯತಿಯ ಕೈಯಲ್ಲಿ. ಭೂಮಿ ಕಂದಾಯ ಇಲಾಖೆಯ ಕೈಯಲ್ಲಿ.

ಆದುದರಿಂದ ಬೆಳ್ಮಣ್ಣು ಮೊದಲ್ಗೊಂಡು ಕಾರ್ಕಳ ತಾಲೂಕಿನ ಪ್ರತಿಯೊಂದು ಗ್ರಾಮಸಭೆಯಲ್ಲಿಯೂ, ಊರಿನ ಸರಕಾರಿ ಜಮೀನಿನ ಸರ್ವೆ ನಂಬ್ರಗಳ ಪಟ್ಟಿಯನ್ನೂ ನಿವೇಶನರಹಿತರ ಪಟ್ಟಿಯನ್ನೂ ಒಟ್ಟಿಗೆ ಓದಿ ಹೇಳಬೇಕೆಂಬುದು ನಮ್ಮ ಆಗ್ರಹ. ಕಂದಾಯಾಧಿಕಾರಿಗಳು ಆ ಸಭೆಯಲ್ಲಿ ಹಾಜರಿದ್ದು ಉತ್ತರ ಕೊಡಬೇಕು. ಕಾಯಿದೆಯ ಬೆಂಬಲವೇ ಇಲ್ಲದ ಕಾಲದಲ್ಲಿ ಒಬ್ಬ ವಕೀಲರು ಸಾಧಿಸಿದುದನ್ನು, ಕಾಯಿದೆಯೂ ಪಂಚಾಯತಿಯೂ ಇರುವ ಈ ಕಾಲದಲ್ಲಿ ನಾವು ಸಾಧಿಸಲಾರೆವೆಂದರೆ ಅದಕ್ಕಿಂತ ನಾಚಿಕೆಗೇಡು ಬೇರಿಲ್ಲ.