ಬಾಲಿಗಂಜ್‌ನ ಆ ಮನೆಯಲ್ಲಿತ್ತು ಮೊಘಲರ ಕಾಲದ ಕಡತ: ಹಸ್ತಪ್ರತಿಗಳ ಬೆನ್ನುಹತ್ತಿದ ಸರ್ ಜದುನಾಥ ಸರ್ಕಾರ್

ಕೋಲ್ಕತ್ತಾದ ದಕ್ಷಿಣಕ್ಕೆ, ಬಾಲಿಗಂಜ್ ಭಾಗದ ಲೇಕ್ ಟೆರೇಸ್ ರಸ್ತೆಯಲ್ಲಿ 10ನೇ ನಂಬರಿನ ಮನೆಯೊಂದಿದೆ. ಔರಂಗಜೇಬ ಮತ್ತು ಶಿವಾಜಿಯ ಬಗ್ಗೆ ಇವತ್ತು ಟಿವಿ ಚರ್ಚೆಗಳಲ್ಲಿ ಕಿತ್ತಾಡುವವರಿಗೆ ಗೊತ್ತಿರಲಿ, ಗೊತ್ತಿಲ್ಲದಿರಲಿ, ಆ ಜಗಳಕ್ಕೆ ಬೇಕಾದ ಮೂಲ ದಾಖಲೆಗಳಲ್ಲಿ ದೊಡ್ಡ ಪಾಲನ್ನು ಹುಡುಕಿ ತೆಗೆದ ಇತಿಹಾಸಕಾರ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಇಲ್ಲೇ. ಅವರೇ ಸರ್ ಜದುನಾಥ ಸರ್ಕಾರ್.

ಈಗ ಬಾಂಗ್ಲಾದೇಶಕ್ಕೆ ಸೇರಿರುವ ರಾಜಶಾಹಿ ಜಿಲ್ಲೆಯ ಕರಚಮಾರಿಯಾ ಗ್ರಾಮದಲ್ಲಿ 1870ರ ಡಿಸೆಂಬರ್ 10ರಂದು ಜನಿಸಿದರು. ಓದಿದ್ದು ಇಂಗ್ಲಿಷ್ ಸಾಹಿತ್ಯ. 1892ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಎಂ.ಎ. ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದರು. ಪ್ರತಿಷ್ಠಿತ ಪ್ರೇಮಚಂದ್ ರಾಯಚಂದ್ ವಿದ್ಯಾರ್ಥಿವೇತನವೂ ಸಿಕ್ಕಿತು. ಇಷ್ಟಾದ ಮೇಲೆ ಇಂಗ್ಲಿಷ್ ಮೇಷ್ಟ್ರಾಗಿ ಆರಾಮವಾಗಿ ಇದ್ದುಬಿಡಬಹುದಿತ್ತು. ಅವರು ಹಿಡಿದದ್ದು ಬೇರೆಯದೇ ದಾರಿ. ಪರ್ಷಿಯನ್ ಕಲಿತರು, ಮರಾಠಿ ಕಲಿತರು, ಫ್ರೆಂಚ್ ಮತ್ತು ಪೋರ್ಚುಗೀಸ್ ಕೂಡ ಕಲಿತರು. ಮೂಲ ದಾಖಲೆಯನ್ನು ಅದರದೇ ಭಾಷೆಯಲ್ಲಿ ಓದದೆ ಇತಿಹಾಸ ಬರೆಯಬಾರದು ಎಂಬುದು ಅವರ ಹಟವಾಗಿತ್ತು.

ಬಹುಕಾಲ ಪಾಠ ಹೇಳಿದ್ದು ಪಾಟ್ನಾ ಕಾಲೇಜಿನಲ್ಲಿ. ಅದು ಅವರ ಪಾಲಿಗೆ ಅದೃಷ್ಟ. 1891ರಲ್ಲಿ ಸಾರ್ವಜನಿಕರಿಗೆ ತೆರೆದ ಖುದಾ ಬಕ್ಷ್ ಗ್ರಂಥಾಲಯ ಅದೇ ಊರಿನಲ್ಲಿತ್ತು. ಪರ್ಷಿಯನ್ ಹಸ್ತಪ್ರತಿಗಳಿಗೆ ಅದು ಕಣಜ. ಆದರೆ ಒಂದು ಗ್ರಂಥಾಲಯದಿಂದ ಅವರ ಹಸಿವು ತೀರುವಂತಿರಲಿಲ್ಲ. ರಜೆ ಬಂತೆಂದರೆ ಪ್ರವಾಸ. ಹಳೆಯ ಮನೆತನಗಳು, ಸಂಸ್ಥಾನಗಳ ದಫ್ತರಗಳು, ಕೋಟೆಗಳು, ರಣರಂಗಗಳು ಹೀಗೆ ಸುತ್ತಾಟ. ರಜಪೂತ ರಾಜ ಜೈಸಿಂಗ್ ಶಿವಾಜಿಯ ವಿರುದ್ಧ ದಂಡೆತ್ತಿ ಹೋದಾಗ ಬರೆಸಿದ ಪತ್ರಗಳ ಸಂಗ್ರಹ 'ಹಫ್ತ್ ಅಂಜುಮನ್' ಅವರಿಗೆ ಸಿಕ್ಕಿದ್ದು ಬನಾರಸ್ಸಿನಲ್ಲಿ. ಜಹಾಂಗೀರನ ಕಾಲದ ಬಂಗಾಳವನ್ನು ವಿವರಿಸುವ 'ಬಹಾರಿಸ್ತಾನ್-ಇ-ಘೈಬಿ' ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿತ್ತು. ಅದರ ಮಹತ್ವವನ್ನು ಗುರುತಿಸಿ ಜಗತ್ತಿಗೆ ತಿಳಿಸಿದವರೂ ಇವರೇ. ಯುರೋಪಿನಲ್ಲಿ ಇದ್ದ ಪ್ರತಿಗಳನ್ನು ರೋಟೋಗ್ರಾಫ್ ಎನ್ನುವ ಅಂದಿನ ಫೋಟೋ ವಿಧಾನದಲ್ಲಿ ತೆಗೆಸಿ ತರಿಸಿಕೊಳ್ಳುತ್ತಿದ್ದರು. ಅದೂ ಬಹುಪಾಲು ಕಾಲೇಜು ಮೇಷ್ಟ್ರ ಸಂಬಳದಿಂದ.

ಈ ಬೇಟೆಯಲ್ಲಿ ಅವರಿಗೆ ಗುರುವಿನಂತೆ ಇದ್ದವರು ವಿಲಿಯಂ ಇರ್ವಿನ್, ನಿವೃತ್ತ ಐಸಿಎಸ್ ಅಧಿಕಾರಿ. ಮೊಘಲ್ ಆಸ್ಥಾನದಲ್ಲಿ ಬದುಕಿದ ವೆನಿಸ್ ಮೂಲದ ನಿಕೊಲಾವೊ ಮನೂಚಿಯ ಬರಹಗಳನ್ನು ಇಂಗ್ಲಿಷಿಗೆ ತಂದವರು. ಆ ಹಸ್ತಪ್ರತಿಯ ಪ್ರಯಾಣವೇ ಒಂದು ಪತ್ತೇದಾರಿ ಕಥೆ. ಪ್ಯಾರಿಸ್ಸಿನ ಜೆಸ್ಯೂಟ್ ಪಾದ್ರಿಗಳ ಪುಸ್ತಕ ಭಂಡಾರದಲ್ಲಿದ್ದ ಪ್ರತಿ 18ನೇ ಶತಮಾನದಲ್ಲಿ ಆ ಭಂಡಾರ ಹರಾಜಾದಾಗ ಸಂಗ್ರಾಹಕರ ಕೈಯಿಂದ ಕೈಗೆ ಹೋಗಿ, 1887ರಲ್ಲಿ ಬರ್ಲಿನ್ ತಲುಪಿತು. ಕಲ್ಕತ್ತೆಯಲ್ಲೂ ಇಂಥದ್ದೇ ನಡೆದಿತ್ತು. ಅಕ್ಬರನ ಆಸ್ಥಾನಕ್ಕೆ ಹೋಗಿದ್ದ ಜೆಸ್ಯೂಟ್ ಪಾದ್ರಿ ಮೊನ್ಸೆರಾಟೆ ಲ್ಯಾಟಿನ್‌ನಲ್ಲಿ ಬರೆದಿಟ್ಟ ವೃತ್ತಾಂತ 1906ರಲ್ಲಿ ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಗ್ರಂಥಾಲಯದಲ್ಲಿ ಪತ್ತೆಯಾಯಿತು. ಫಾದರ್ ಹೋಸ್ಟನ್ ಅದನ್ನು 1914ರಲ್ಲಿ ಪ್ರಕಟಿಸಿದರು. ದೊರೆಗಳ ಚರಿತ್ರೆಯ ಎಷ್ಟೋ ಪುಟಗಳು ಚರ್ಚಿನ ಕಪಾಟುಗಳಲ್ಲಿ ಉಳಿದಿದ್ದವು ಎಂಬುದಕ್ಕೆ ಇವೆರಡು ಸಾಕ್ಷಿ.

1911ರಲ್ಲಿ ಇರ್ವಿನ್ ತೀರಿಕೊಂಡರು. ಅವರು ಅರ್ಧಕ್ಕೆ ಬಿಟ್ಟುಹೋದ 'ಲೇಟರ್ ಮೊಘಲ್ಸ್' ಕೃತಿಯನ್ನು ಜದುನಾಥರು ಪರಿಷ್ಕರಿಸಿ 1922ರಲ್ಲಿ ಹೊರತಂದರು. ಈ ನಡುವೆ ತಮ್ಮದೇ 'ಹಿಸ್ಟರಿ ಆಫ್ ಔರಂಗಜೇಬ್' 1912ರಿಂದ 1924ರ ವೇಳೆಗೆ ಐದು ಸಂಪುಟಗಳಲ್ಲಿ ಮುಗಿಯಿತು. 1919ರಲ್ಲಿ 'ಶಿವಾಜಿ ಅಂಡ್ ಹಿಸ್ ಟೈಮ್ಸ್' ಬಂತು.

ಕನ್ನಡಿಗರಿಗೆ ಈ ಪುಸ್ತಕಗಳಲ್ಲಿ ನಮ್ಮದೇ ನೆಲ ಎದುರಾಗುತ್ತದೆ. ಔರಂಗಜೇಬ್ ಸಂಪುಟಗಳಲ್ಲಿ 1686ರ ಬಿಜಾಪುರದ ಪತನವಿದೆ. 1705ರಲ್ಲಿ ಮುದಿ ಬಾದಶಹ ಸ್ವತಃ ಬಂದು ಮುತ್ತಿಗೆ ಹಾಕಿದ ವಾಗಣಗೇರಿ ಕೋಟೆ, ಅದನ್ನು ಕಾದ ಸುರಪುರ ಸೀಮೆಯ ಬೇಡರ ನಾಯಕನ ಕಥೆಯೂ ಇದೆ. ಔರಂಗಜೇಬನ ಕೊನೆಯ ಮುತ್ತಿಗೆ ಅದೇ. ಶಿವಾಜಿಯ ಪುಸ್ತಕದಲ್ಲಿ ಬೆಳವಡಿ ಬರುತ್ತದೆ. ದಕ್ಷಿಣ ದಿಗ್ವಿಜಯ ಮುಗಿಸಿ ಮರಳುತ್ತಿದ್ದ ಮರಾಠಾ ಪಡೆಯನ್ನು 1678ರಲ್ಲಿ ಒಬ್ಬ ಹೆಣ್ಣುಮಗಳು ಸಣ್ಣ ಮಣ್ಣಿನ ಕೋಟೆಯಲ್ಲಿ ನಿಂತು 27 ದಿನ ತಡೆದಳು. ಕನ್ನಡ ನಾಡು ಮಲ್ಲಮ್ಮ ಎಂದು ನೆನೆಯುವ ಆಕೆಗೆ ಅವರು ಸಾವಿತ್ರಿಬಾಯಿ ಎಂಬ ಹೆಸರು ಕೊಟ್ಟಿದ್ದಾರೆ. ಲಾವಣಿ ನಂಬಿ ಬರೆದದ್ದಲ್ಲ ಅದು. ಇಂಗ್ಲಿಷ್ ವ್ಯಾಪಾರಿಗಳು ಆ ಸಮಯದಲ್ಲೇ ಬರೆದ ಪತ್ರ ಅವರ ಆಧಾರ.

ಪುಣೆಯ ಬಳಿ ಕಾಮಶೇತ್‌ನಲ್ಲಿದ್ದ ಗೋವಿಂದ ಸಖಾರಾಮ ಸರ್ದೇಸಾಯಿ ಅವರ ಜೀವದ ಗೆಳೆಯ. ದಶಕಗಳ ಕಾಲ ಇಬ್ಬರೂ ಪತ್ರ ಬರೆದುಕೊಂಡರು, ಜೊತೆಗೆ ಕೋಟೆ ಹತ್ತಿದರು. ಪುಣೆಯ ಕೆಲವು ವಿದ್ವಾಂಸರಿಗೆ ಮಾತ್ರ ಈ ಬಂಗಾಳಿ ಹಿಡಿಸಲಿಲ್ಲ. ದಾಖಲೆ ಯಾರ ಕೈಯಲ್ಲಿರಬೇಕು, ಯಾರು ನೋಡಬೇಕು ಎಂಬ ಜಗಳ ದೊಡ್ಡದಾಗಿಯೇ ನಡೆಯಿತು. ಗೋವಾದ ಪೋರ್ಚುಗೀಸ್ ದಾಖಲೆ ಬಗೆದ ಪಾಂಡುರಂಗ ಪಿಸುರ್ಲೇಕರ್ ಅವರ ಶೋಧಗಳನ್ನೂ ಜದುನಾಥರು ಬಳಸಿಕೊಂಡರು.

1926ರಿಂದ ಎರಡು ವರ್ಷ ಕಲ್ಕತ್ತಾ ವಿಶ್ವವಿದ್ಯಾಲಯದ ಕುಲಪತಿ. 1929ರಲ್ಲಿ 'ಸರ್' ಪದವಿ. ಹೊರಗಿನ ಮಾನ ಸನ್ಮಾನಕ್ಕೆ ಕೊರತೆಯಿರಲಿಲ್ಲ. ಮನೆಯೊಳಗೆ ಮಾತ್ರ ಸಾವುಗಳ ಸಾಲು. ವಿಭಜನೆಯ ಹೊತ್ತಿನ ಕಲ್ಕತ್ತೆಯ ಗಲಭೆಗಳಲ್ಲಿ ಹಿರಿಯ ಮಗ ಅವನಿ ಕೊಲೆಯಾದರು. ಆಗ ತಂದೆಯ ವಯಸ್ಸು ಎಪ್ಪತ್ತೈದು ದಾಟಿತ್ತು. 1932ರಲ್ಲಿ ಆರಂಭವಾಗಿದ್ದ 'ಫಾಲ್ ಆಫ್ ದಿ ಮೊಘಲ್ ಎಂಪೈರ್' ಇನ್ನೂ ಬಾಕಿಯಿತ್ತು. ಅದರ ನಾಲ್ಕನೇ ಹಾಗೂ ಕೊನೆಯ ಸಂಪುಟ 1950ರಲ್ಲಿ ಪ್ರಕಟವಾಯಿತು.

ಅವರ ಔರಂಗಜೇಬನ ಚಿತ್ರಣವನ್ನು ಮುಂದಿನ ಪೀಳಿಗೆಯ ಇತಿಹಾಸಕಾರರು ಕಟುವಾಗಿ ಟೀಕಿಸಿದರು. ಮತವನ್ನೇ ಮುಂದಿಟ್ಟು ನೋಡಿದರು, ಆರ್ಥಿಕ ಕಾರಣಗಳನ್ನು ಬದಿಗಿಟ್ಟರು ಎಂಬ ಆಕ್ಷೇಪದಲ್ಲಿ ಹುರುಳಿದೆ. ಹಾಗೆ ಟೀಕಿಸಿದವರೂ ಅವರು ಬೆಳಕಿಗೆ ತಂದ ಕಾಗದಗಳನ್ನೇ ಮತ್ತೆ ಮತ್ತೆ ತೆರೆಯಬೇಕಾಯಿತು.

ಜೈಪುರ ಸಂಸ್ಥಾನಕ್ಕಾಗಿ ಬರೆದ ಇತಿಹಾಸ ಅವರ ಬದುಕಿನಲ್ಲಿ ಅಚ್ಚಾಗಲೇ ಇಲ್ಲ. ಶಿಷ್ಯ ರಘುವೀರ ಸಿಂಹ ಅದನ್ನು ಸಂಪಾದಿಸಿ, 1984ರಲ್ಲಿ ಪ್ರಕಟವಾಯಿತು. ಜದುನಾಥರು ನಿಧನರಾದದ್ದು 1958ರ ಮೇ 19ರಂದು. ಅವರ ಸಂಗ್ರಹ ಕೋಲ್ಕತ್ತಾದ ಅಲಿಪುರದಲ್ಲಿರುವ ರಾಷ್ಟ್ರೀಯ ಗ್ರಂಥಾಲಯ ಸೇರಿತು. ಲೇಕ್ ಟೆರೇಸ್‌ನ ಮನೆಯಲ್ಲಿ ಸಮಾಜ ವಿಜ್ಞಾನಗಳ ಅಧ್ಯಯನ ಕೇಂದ್ರ ವರ್ಷಗಟ್ಟಲೆ ಕೆಲಸ ಮಾಡಿತು. ಈಗ ಅದು ಜದುನಾಥ ಭವನ ಎಂಬ ಮ್ಯೂಸಿಯಂ ಮತ್ತು ಸಂಶೋಧನಾ ಕೇಂದ್ರ.